ಹತ್ತು ಪೆಟ್ಟಿಗೆ ಕೊಯ್ಯಬೇಕಿತ್ತು

ಹೋದ ತಿಂಗಳು ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಮನೆಗೆ ಸ್ನೇಹಿತರೊಬ್ಬರ ಮಗಳು ರಶ್ಮಿ ಬಂದಿದ್ದಳು. ಅವಳಿಗೆ ಅಬುಧಾಬಿಯಲ್ಲಿ ಆಹಾರ ತಪಾಸಣೆಯ ಕೆಲಸ ಸಿಕ್ಕಿದೆ, ಖಲೀಫಾ ಸಿಟಿಯಲ್ಲಿ ಮನೆ ಮಾಡಿದ್ದಾಳೆ. ಅದೇ ಕೆಲಸವನ್ನು ದುಬೈಯಲ್ಲಿ ಇಪ್ಪತ್ತೇಳು ವರ್ಷ ಮಾಡಿ ನಿವೃತ್ತನಾದವನು ನಾನು, ಹೋಗಿ ನಾಲ್ಕು ಮಾತು ಕೇಳಿಕೊಂಡು ಬಾ ಎಂದು ಅವಳ ಅಪ್ಪ ಕಳಿಸಿದ್ದರು. ಅವಳು ಸೋಫಾದಲ್ಲಿ ಕುಳಿತು, "ಅಂಕಲ್, ಕೊಳೆತ ಹಣ್ಣು ಹಿಡಿಯುವುದರಲ್ಲಿ ಅಂಥದ್ದು ಎಂತ ಉಂಟು? ಟ್ಯಾಬ್‌ನಲ್ಲಿ ಎಲ್ಲ ಸ್ಟೆಪ್ ಬರ್ತದೆ. ಟಿಕ್ ಮಾಡ್ತಾ ಹೋದ್ರೆ ಆಯ್ತಲ್ಲ" ಎಂದಳು.

ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದಾಗ ಆ ಸಿಟ್ಟು ಅವಳ ಮೇಲಿನದ್ದಲ್ಲ ಎಂದು ತಿಳಿಯಿತು. ಆವತ್ತು ಚಹಾ ಕೊಟ್ಟು, ಬಿಸಿಲಿಗೆ ಟೋಪಿ ಹಾಕು, ನೀರು ಕುಡಿ ಎಂದೆಲ್ಲ ಹೇಳಿ ಕಳಿಸಿದೆ. ಹೇಳಲೇಬೇಕಾದದ್ದನ್ನು ನುಂಗಿಕೊಂಡೆ. ನನ್ನ ಒಂದು ಸಹಿಯಿಂದ ಪ್ರಾಮಾಣಿಕ ವ್ಯಾಪಾರಿಯೊಬ್ಬರ ಅಂಗಡಿ ಹೋಯಿತು, ಹೆಸರೂ ಹೋಯಿತು. ಅದನ್ನು ಬಿಟ್ಟು ಈ ಕೆಲಸದ ಬಗ್ಗೆ ಏನು ಹೇಳಿದರೂ ಬಡಾಯಿಯಾಗುತ್ತದೆ. ಬಡ್ತಿ, ಪ್ರಶಂಸಾಪತ್ರಗಳ ಕಥೆ ರಶ್ಮಿಗೂ ಬೇಡ, ನನಗೂ ಬೇಡ.

ನಾನು ಸೇರಿದ ಕಾಲಕ್ಕೆ ಆಹಾರದ ನಿಯಮಗಳೆಲ್ಲ ಹೊಸತು. ಅಂಗಡಿಯವರಿಗೆ ಅವು ಗೊತ್ತಿರಲಿಲ್ಲ, ನಮಗೂ ಅರ್ಧಂಬರ್ಧ ಗೊತ್ತಿತ್ತು. ನಮ್ಮ ಹತ್ತಿರ ಇದ್ದದ್ದು ಒಂದು ಚೂರಿ, ಮೂರು ಪ್ರತಿಗಳ ಜಪ್ತಿ ಪುಸ್ತಕ ಮತ್ತು ಪಿಕಪ್ಪಿನ ಹಿಂದೆ ನೀಲಿ ಬಣ್ಣ ಕಲಸಿದ ನೀರಿನ ಡ್ರಮ್ಮು. ಬೆಳಿಗ್ಗೆ ಐದಕ್ಕೆ ಸಗಟು ಮಾರುಕಟ್ಟೆಗೆ ಹೋಗಬೇಕು. ಲಾರಿಗಳಿಂದ ಪೆಟ್ಟಿಗೆ ಇಳಿಯುತ್ತಿರುವಾಗಲೇ ನೋಡಬೇಕು, ಅನುಮಾನ ಬಂದರೆ ಕೊಯ್ಯಬೇಕು. ಕೆಟ್ಟಿದ್ದರೆ ಜಪ್ತಿ ಪತ್ರ ಬರೆದು, ಸಹಿ ಹಾಕಿ, ಅಲ್ಲೇ ಬಣ್ಣದ ನೀರು ಸುರಿಯಬೇಕು. ಬಣ್ಣ ಯಾಕೆಂದರೆ, ಮೊದಮೊದಲು ನಾವು ಎಸೆದ ಹಣ್ಣನ್ನು ಯಾರೋ ಆರಿಸಿಕೊಂಡು ಹೋಗಿ ತೊಳೆದು ಲೇಬರ್ ಕ್ಯಾಂಪುಗಳ ಬಾಗಿಲಲ್ಲಿ ಮಾರುತ್ತಿದ್ದರು. ನೀಲಿ ಬಿದ್ದ ಹಣ್ಣನ್ನು ಯಾರೂ ಮುಟ್ಟುವುದಿಲ್ಲ. ಆದರೆ ಸುರಿದ ಬಣ್ಣವನ್ನು ವಾಪಸು ತೆಗೆಯುವುದಕ್ಕೂ ಆಗುವುದಿಲ್ಲ. ತಪ್ಪಾಯಿತು ಎಂದು ಹೊಳೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ನಮ್ಮ ಮೇಲಧಿಕಾರಿ ಡಾಕ್ಟರ್ ಇದ್ರಿಸ್ ಸುಡಾನಿನವರು. ಓದಿದ್ದು ಪಶುವೈದ್ಯ, ಹಣ್ಣಿನ ವಿಭಾಗಕ್ಕೆ ಹೇಗೆ ಬಂದರೋ ಗೊತ್ತಿಲ್ಲ. ಬಹಳ ಎತ್ತರದ, ನಿಧಾನ ಮಾತಿನ ಮನುಷ್ಯ. ಮೊದಲ ತಿಂಗಳು ಅವರು ನನಗೆ ಚೂರಿಯನ್ನೇ ಕೊಡಲಿಲ್ಲ. ದಿನಾ ಬೆಳಿಗ್ಗೆ ಮಾರುಕಟ್ಟೆಯ ಅತಿ ಒಳ್ಳೆಯ ಹಣ್ಣನ್ನು ಮಾತ್ರ ತೋರಿಸಿ, ಮೂಸಿಸಿ, ತಿನ್ನಿಸಿ ಕಳಿಸುತ್ತಿದ್ದರು. ಕೊಳೆತದ್ದನ್ನು ಯಾವಾಗ ತೋರಿಸುತ್ತೀರಿ ಎಂದು ಕೇಳಿದ್ದಕ್ಕೆ, "ಅದು ತಾನಾಗಿ ನಿನ್ನ ಮುಂದೆ ಬರುತ್ತದೆ, ಅವಸರ ಬೇಡ" ಎಂದಿದ್ದರು. ಬಿಟ್ಟಿ ಹಣ್ಣು ತಿಂದು ಸಂಬಳ ತೆಗೆದುಕೊಳ್ಳುವ ಕೆಲಸ ಎಂದು ರೂಮಿನವರೆಲ್ಲ ನನ್ನನ್ನು ಗೇಲಿ ಮಾಡುತ್ತಿದ್ದರು.

ಚೂರಿ ಸಿಕ್ಕಿದ ಮೊದಲ ಬೇಸಿಗೆಯಲ್ಲೇ ಎಡವಿದೆ. ಒಳನಾಡಿನ ಊರಾದ ಅಲ್ ಐನ್‌ನ ತೋಟವೊಂದರಿಂದ ತಾಜಾ ಖರ್ಜೂರ ಬಂದಿತ್ತು. ನಾನು ಉಡುಪಿಯ ಕಡೆಯವನು. ಖರ್ಜೂರ ಎಂದರೆ ನನಗೆ ಗೊತ್ತಿದ್ದದ್ದು ಪೊಟ್ಟಣದಲ್ಲಿ ಒತ್ತಿಟ್ಟ ಕಪ್ಪು ಮುದ್ದೆ ಮಾತ್ರ. ಇಲ್ಲಿ ನೋಡಿದರೆ ಒಂದೊಂದು ಹಣ್ಣೂ ಅರ್ಧ ಹಳದಿ, ಗಟ್ಟಿ. ಇನ್ನರ್ಧ ಕಂದು, ಮುಟ್ಟಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗೆ. ನಲವತ್ತು ಬುಟ್ಟಿಗಳ ಮುಂದೆ ನಿಂತು 'ಅರ್ಧ ಕೊಳೆತಿದೆ' ಎಂದು ಬರೆದೇಬಿಟ್ಟೆ. ತೋಟದ ಯಜಮಾನ, ಬಿಳಿ ಗಡ್ಡದ ಎಮಿರಾತಿ ಮುದುಕ, ಒಂದು ಹಣ್ಣು ಆರಿಸಿ ಅಂಗಿಗೆ ಒರೆಸಿ ನನ್ನ ಬಾಯಿಗೆ ಹಿಡಿದರು. ತಿಂದೆ. ಇವತ್ತಿಗೂ ಅಷ್ಟು ರುಚಿಯಾದದ್ದನ್ನು ತಿಂದ ನೆನಪಿಲ್ಲ. ಇಲ್ಲಿಯ ಜನ ವರ್ಷವಿಡೀ ಕಾಯುವುದೇ ಆ ಅರ್ಧ ಮಾಗಿದ ಹಂತಕ್ಕೆ ಎಂದು ಆಮೇಲೆ ತಿಳಿಯಿತು. ಬಣ್ಣ ಇನ್ನೂ ಬಿದ್ದಿರಲಿಲ್ಲ, ಬಚಾವಾದೆ.

ಆ ಸಂಗತಿ ಕಚೇರಿಗೆ ತಲುಪಿದಾಗ ಡಾಕ್ಟರ್ ಇದ್ರಿಸ್ ನಗಲಿಲ್ಲ. ಮಾರನೆಯ ದಿನ ಎಲ್ಲರನ್ನೂ ಕೂರಿಸಿ ಎರಡು ನಿಯಮ ಮಾಡಿದರು. ಒಂದು, ಯಾವುದೇ ಸರಕನ್ನು ಜಪ್ತಿ ಮಾಡುವ ಮೊದಲು ಬೇರೆ ಬೇರೆ ಜಾಗದಿಂದ ಹತ್ತು ಪೆಟ್ಟಿಗೆ ತೆಗೆದು ಕೊಯ್ದು ನೋಡಬೇಕು, ಎಷ್ಟು ಕೊಯ್ದೆವೆಂದು ಪತ್ರದಲ್ಲಿ ಬರೆಯಬೇಕು. ಇನ್ನೊಂದು, ಬಣ್ಣ ಸುರಿಯುವ ಮೊದಲು ಮಾರುವವನ ಮಾತು ಕೇಳಬೇಕು. "ಕೊಯ್ಯದೆ ಬರೆದವನು ನನ್ನ ಹತ್ತಿರ ಕೆಲಸ ಮಾಡುವುದಿಲ್ಲ" ಎಂದರು. ಅವರು ಹಾಗೆ ಹೇಳಿದರೆ ಹಾಗೆಯೇ ಮಾಡುವವರು. ಒಂದು ವರ್ಷದೊಳಗೆ ಮೂರು ಜಪ್ತಿಯಾದರೆ ಅಂಗಡಿಯ ಪರವಾನಗಿ ರದ್ದು ಎಂಬ ನಿಯಮವೂ ಆಗಲೇ ಬಂದಿತ್ತು. ಹಾಗಾಗಿ ಒಂದೊಂದು ಜಪ್ತಿ ಪತ್ರದ ತೂಕ ಎಷ್ಟೆಂದು ಎರಡೂ ಕಡೆಯವರಿಗೆ ಗೊತ್ತಿತ್ತು.

ಈಗ ಹಸನಾಕ ಅವರ ವಿಷಯಕ್ಕೆ ಬರುತ್ತೇನೆ. ಹೆಸರು ಹಸನ, ಹಿರಿಯರೆಂದು ಹೆಸರಿಗೆ 'ಆಕ' ಸೇರಿಸಿ ಕರೆಯುತ್ತಿದ್ದೆವು. ಮೂಲ್ಕಿಯ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಸಗಟು ಮಾರುಕಟ್ಟೆಯಲ್ಲಿ ಮೂಲೆಯ ಮಳಿಗೆ ಅವರದ್ದು. ನಾನು ಮೊದಲ ಸಲ ದುಬೈಗೆ ಬಂದಿಳಿದಾಗ ಕೈಯಲ್ಲಿ ಕೆಲಸ ಇರಲಿಲ್ಲ. ಯಾರದೋ ಚೀಟಿ ಹಿಡಿದು ಅವರನ್ನು ಹುಡುಕಿಕೊಂಡು ಹೋದೆ. ಅವರು ತಮ್ಮ ರೂಮಿನಲ್ಲಿ ಐದು ತಿಂಗಳು ನನಗೆ ಬೆಡ್ ಸ್ಪೇಸ್, ಅಂದರೆ ಮಲಗಲು ಒಂದು ಮಂಚದ ಜಾಗ, ಕೊಟ್ಟರು. ನಾನು ಮೀನು ತಿನ್ನುತ್ತೇನೆ, ಬೀಫ್ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಆ ರೂಮಿನ ಅಡುಗೆಯೇ ಬದಲಾಯಿತು. ನನಗೆ ಈ ಕೆಲಸದ ಅರ್ಜಿ ತಂದುಕೊಟ್ಟವರೂ ಅವರೇ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಸನಾಕನಿಗೆ ತಮ್ಮ ಹಣ್ಣಿನ ಬಗ್ಗೆ ಬಹಳ ಅಭಿಮಾನ. ಊರಿನವರ ಮದುವೆ ಇರಲಿ, ದುಬೈಯ ಕನ್ನಡ ಸಂಘದ ಕಾರ್ಯಕ್ರಮ ಇರಲಿ, ಹಣ್ಣು ಅವರ ಮಳಿಗೆಯಿಂದಲೇ ಹೋಗಬೇಕು. "ಹಸನನ ಹಣ್ಣಾ? ಹಾಗಾದ್ರೆ ನೋಡುವುದು ಬೇಡ, ಹಂಚಿ" ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಅವರ ಮುಖ ಅರಳುತ್ತಿತ್ತು.

ಆ ವರ್ಷ ಅವರ ಗ್ರಹಚಾರ ಸರಿ ಇರಲಿಲ್ಲ. ಬಂದರಿನಲ್ಲಿ ಕಂಟೇನರಿನ ತಂಪು ಯಂತ್ರ ಕೆಟ್ಟು ಕಲ್ಲಂಗಡಿ ಪೂರ್ತಿ ಹುಳಿಯಿತು. ಅದು ಮೊದಲನೆಯ ಜಪ್ತಿ. ಎರಡು ತಿಂಗಳ ನಂತರ ದ್ರಾಕ್ಷಿಯಲ್ಲಿ ಬೂಸ್ಟು ಬಂತು. ಎರಡನ್ನೂ ಹಿಡಿದವನು ನಾನೇ. ಎರಡೂ ನ್ಯಾಯವಾದ ಜಪ್ತಿಗಳು, ಹಸನಾಕ ಒಂದಕ್ಕೂ ತಕರಾರು ಮಾಡಲಿಲ್ಲ. ದ್ರಾಕ್ಷಿಯ ದಿನ ಅವರೇ ಡ್ರಮ್ಮಿನ ಕೊಳವೆ ಹಿಡಿದು, "ಸುರಿ ಮಾರಾಯ, ಇದನ್ನು ಕೊಟ್ಟರೆ ನನ್ನ ಮರ್ಯಾದೆ ಹೋಗ್ತದೆ" ಎಂದಿದ್ದರು.

ಆದರೆ ಕಚೇರಿಯಲ್ಲಿ ಮಾತು ಬೇರೆಯೇ ಆಗಿತ್ತು. ಹಸನಾಕನ ರೂಮಿನಲ್ಲಿ ನಾನಿದ್ದದ್ದು ಎಲ್ಲರಿಗೂ ಗೊತ್ತು. ಸಹೋದ್ಯೋಗಿಯೊಬ್ಬ ಊಟದ ಹೊತ್ತಿಗೆ ಎಲ್ಲರೆದುರು ನನ್ನನ್ನು ತೋರಿಸಿ, "ಈ ಸದಾನಂದನ ಚೂರಿ ಆ ಮೂಲೆಯ ಮಳಿಗೆಯಲ್ಲಿ ಮೂರನೇ ಸಲಕ್ಕೆ ಮೊಂಡಾಗುತ್ತದೆ, ನೋಡುತ್ತಿರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಇಳಿದು ಕೂತುಬಿಟ್ಟಿತು. ಊರಿನವನಿಗೆ ಸಹಾಯ ಮಾಡಿದ ಎಂಬ ಹೆಸರು ಬಂದರೆ ಎಂಬ ಹೆದರಿಕೆ ನನಗೆ ಹಣ್ಣಿಗಿಂತ ದೊಡ್ಡದಾಯಿತು. ಗಲ್ಫಿನಲ್ಲಿ ದುಡಿದ ನಮ್ಮ ಕಡೆಯವರಿಗೆ ಈ ಹೆದರಿಕೆ ಗೊತ್ತಿದೆ. ನಮ್ಮವರು ಎದುರಿಗೆ ಬಂದಾಗ ಉಳಿದವರಿಗಿಂತ ಒಂದು ಕೈ ಹೆಚ್ಚು ಬಿಗಿಯಾಗುತ್ತೇವೆ, ಅದನ್ನೇ ನಿಷ್ಠೆ ಎಂದುಕೊಳ್ಳುತ್ತೇವೆ.

ಏಪ್ರಿಲಿನಲ್ಲಿ ಅವರಿಗೆ ವಿಮಾನದಲ್ಲಿ ಆಪೂಸು ಮಾವು ಬಂತು. ಬೆಳಗಿನ ಆರು ಗಂಟೆ. ನಾನು ಹೋಗುವಾಗ ಪೆಟ್ಟಿಗೆಗಳನ್ನು ಆಳೆತ್ತರ ಪೇರಿಸಿದ್ದರು. ಮೇಲಿನ ಪೆಟ್ಟಿಗೆ ತೆರೆದೆ. ಹಣ್ಣುಗಳ ತೊಟ್ಟಿನಿಂದ ಕೆಳಗೆ ಕಪ್ಪು ಗೆರೆಗಳು ಇಳಿದಿದ್ದವು. ಒಂದನ್ನು ಕೊಯ್ದೆ. ಬೀಜದ ಸುತ್ತ ತಿರುಳು ಬಿಳಿಚಿಕೊಂಡು ಸ್ಪಂಜಿನ ಹಾಗಿತ್ತು. ಪಕ್ಕದ ಪೆಟ್ಟಿಗೆಯಿಂದ ಇನ್ನೊಂದು ಕೊಯ್ದೆ. ಅದೂ ಹಾಗೆಯೇ. ಹಿಂದೆ ಎರಡು ಮಳಿಗೆ ಆಚೆ ಆ ಸಹೋದ್ಯೋಗಿ ನಿಂತು ನನ್ನ ಕಡೆಗೇ ನೋಡುತ್ತಿದ್ದ. ನಾನು ಜಪ್ತಿ ಪುಸ್ತಕ ತೆಗೆದೆ.

ಹಸನಾಕ ಹತ್ತಿರ ಬಂದರು. "ಸದಾನಂದ, ಅದು ತೊಟ್ಟಿನ ಸೊನೆ ಸೋರಿ ಸಿಪ್ಪೆ ಸುಟ್ಟ ಕಲೆ. ನೀನು ಮಾವಿನ ಮರ ಇರುವ ಊರಿನವ, ನಿನಗೆ ಗೊತ್ತಿಲ್ವಾ? ಒಳಗಿನ ಸ್ಪಂಜು ಆಪೂಸಿನಲ್ಲಿ ಕೆಲವು ಹಣ್ಣಿಗೆ ಬಂದೇ ಬರ್ತದೆ. ನಿನ್ನ ಕೈಗೆ ಎರಡೂ ಅದೇ ಸಿಕ್ಕಿತು. ಕೆಳಗಿನ ಪೆಟ್ಟಿಗೆ ಕೊಯ್ದು ನೋಡು."

"ನೋಡಿದ್ದು ಸಾಕು, ಹಸನಾಕ."

"ಇನ್ನೊಂದೇ ಕೊಯ್ಯಿ ಮಾರಾಯ. ನಾನು ನಿನ್ನ ಹತ್ತಿರ ಬಿಡು ಅಂತ ಹೇಳುವುದಿಲ್ಲ. ಕೊಯ್ಯಿ ಅಂತ ಮಾತ್ರ ಹೇಳುವುದು."

ಅವರು ಕೇಳಿದ್ದು ನಿಯಮದಲ್ಲಿ ಇದ್ದದ್ದನ್ನೇ. ಅವರ ಧ್ವನಿ ಕೂಡ ಏರಿರಲಿಲ್ಲ. ಆದರೆ ಅವರು ನನ್ನ ಹತ್ತಿರ ತುಳುವಿನಲ್ಲಿ ಮಾತಾಡುತ್ತಿದ್ದುದು, ಇಡೀ ಸಾಲು ಅದನ್ನು ನೋಡುತ್ತಿದ್ದುದು ನನಗೆ ಸಹನೆಯಾಗಲಿಲ್ಲ. ನಾನು ಹಿಂದಿಯಲ್ಲಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, "ಖಲಾಸ್. ಬಾತ್ ಖತಮ್" ಎಂದೆ. ಐದು ತಿಂಗಳು ನನಗೆ ಅನ್ನ ಹಾಕಿದ ಮನುಷ್ಯನಿಗೆ ನಾನು ಪರಭಾಷೆಯಲ್ಲಿ ಉತ್ತರ ಕೊಟ್ಟೆ. ಪತ್ರದಲ್ಲಿ 'ಕೊಯ್ದು ನೋಡಿದ ಪೆಟ್ಟಿಗೆಗಳು' ಎಂಬಲ್ಲಿಗೆ ಬಂದಾಗ ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ಹತ್ತು ಎಂದು ಬರೆದೆ. ಡ್ರೈವರ್ ಪಿಕಪ್ ತಂದ, ಬಣ್ಣ ಸುರಿದ. ಹಸನಾಕ ಮಳಿಗೆಯೊಳಗೆ ಹೋಗಿ ಕುರ್ಚಿಯ ಮೇಲೆ ಕೂತರು.

ಆ ಮಧ್ಯಾಹ್ನ ಕಸದ ಅಂಗಳಕ್ಕೆ ಡಾಕ್ಟರ್ ಇದ್ರಿಸ್ ತಾವೇ ಬಂದರು. ಮೂರನೆಯ ಜಪ್ತಿ ಎಂದರೆ ಅವರು ಬಂದು ನೋಡುವುದು ವಾಡಿಕೆ. ಕಸ ಅರೆಯುವ ಯಂತ್ರ ಆಗಲೇ ಹೆಚ್ಚಿನ ಪೆಟ್ಟಿಗೆಗಳನ್ನು ನುಂಗಿತ್ತು. ಉಳಿದ ಒಂದರಿಂದ ನೀಲಿ ಮೆತ್ತಿದ ಎರಡು ಹಣ್ಣು ಎತ್ತಿ, ಕರವಸ್ತ್ರದಿಂದ ಒರೆಸಿ ಕೊಯ್ದರು. ಎರಡರ ಒಳಗೂ ತಿರುಳು ಕೇಸರಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ವಾಸನೆ ನಾನು ನಿಂತಲ್ಲಿಗೆ ಬಂತು. ಊರಿನ ಮೇ ತಿಂಗಳ ವಾಸನೆ. ಆ ವಾಸನೆ ಬಂದಾಗಲೇ ನನಗೆ ಗೊತ್ತಾಯಿತು, ನಾನು ಏನು ಮಾಡಿದೆನೆಂದು.

"ಎಷ್ಟು ಪೆಟ್ಟಿಗೆ ಕೊಯ್ದೆ?" ಎಂದು ಅವರು ಕೇಳಿದರು.

"ಹತ್ತು, ಡಾಕ್ಟರ್."

"ಎಲ್ಲದರಲ್ಲೂ ಕೆಟ್ಟಿತ್ತೇ?"

"ಹೆಚ್ಚಿನದರಲ್ಲಿ."

ಅವರು ಚೂರಿಯನ್ನು ಒರೆಸಿ ಮಡಚಿದರು. "ಹತ್ತು ಕೊಯ್ದಿದ್ದರೆ ನನ್ನ ಈ ಎರಡು ಹಣ್ಣಿನಿಂದ ಏನೂ ಸಾಬೀತಾಗುವುದಿಲ್ಲ. ವ್ಯಾಪಾರಿಯನ್ನು ಕರೆಸಿ ಕೇಳೋಣ" ಎಂದರು.

ಒಂದು ವಾರದ ನಂತರ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಸುಳ್ಳು ಪತ್ರ ಬರೆದದ್ದು ಹೊರಗೆ ಬಂದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ, ಆಗ ತಾನೇ ಊರಿನಿಂದ ಬಂದಿದ್ದ ಹೆಂಡತಿ ಮತ್ತು ಮಗುವನ್ನು ಕಟ್ಟಿಕೊಂಡು ವಾಪಸು ಹೋಗಬೇಕು. ಇದನ್ನು ಕ್ಷಮೆಗಾಗಿ ಬರೆಯುತ್ತಿಲ್ಲ. ಹೆದರಿದವನ ತಲೆ ಹೇಗೆ ಓಡುತ್ತದೆ ಎಂದು ರಶ್ಮಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮೇಜಿನ ಆಚೆ ಡಾಕ್ಟರ್ ಇದ್ರಿಸ್, ಒಬ್ಬ ಎಮಿರಾತಿ ಅಧಿಕಾರಿ, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಈಚೆ ಹಸನಾಕ ಮತ್ತು ನಾನು, ನಡುವೆ ಒಂದು ಖಾಲಿ ಕುರ್ಚಿ. ಹಸನಾಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಡಾಕ್ಟರು ಅವರನ್ನು ಅರಬಿಯಲ್ಲಿ ನಿಧಾನವಾಗಿ ಕೇಳಿದರು: ನಿನ್ನ ಎದುರಿಗೆ ಈತ ಎಷ್ಟು ಪೆಟ್ಟಿಗೆ ಕೊಯ್ದ?

ಹಸನಾಕ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಮೇಜಿನ ಕಡೆ ತಿರುಗಿ, "ಅಶರ" ಎಂದರು. ಅರಬಿಯಲ್ಲಿ ಹತ್ತು. ಅರ್ಥವಾಗದಿದ್ದರೆ ಎಂದು ಎರಡೂ ಕೈಯ ಬೆರಳುಗಳನ್ನು ಬಿಡಿಸಿ ತೋರಿಸಿದರು.

ಡಾಕ್ಟರ್ ಇದ್ರಿಸ್ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. "ನಿನಗೆ ಇನ್ನೇನಾದರೂ ಹೇಳುವುದಿದೆಯೇ?" ಎಂದು ಕೇಳಿದರು. ಆ ಕೋಣೆಯಲ್ಲಿ ಹೇಳುವುದಿದ್ದವನು ನಾನೊಬ್ಬನೇ ಎಂದು ಅವರಿಗೆ ಗೊತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. "ಇಲ್ಲ, ಡಾಕ್ಟರ್" ಎಂದೆ. ಗುಮಾಸ್ತ ಬರೆದುಕೊಂಡ. ಪರವಾನಗಿ ರದ್ದಾಯಿತು.

ಹೊರಗೆ ಕಾರಿಡಾರಿನಲ್ಲಿ ಹಸನಾಕ ನನಗಾಗಿ ನಿಲ್ಲಲಿಲ್ಲ. ನಾನೂ ಅವರ ಹಿಂದೆ ಓಡಲಿಲ್ಲ. ಮೂಲೆಯ ಮಳಿಗೆ ಬೇರೆಯವರ ಪಾಲಾಯಿತು. ಅವರು ಅಲ್ ಐನ್‌ನಲ್ಲಿ ಯಾರದೋ ಗ್ರೋಸರಿಯಲ್ಲಿ ಸೇಲ್ಸ್‌ಮನ್ ಆಗಿ ಸೇರಿದರು ಎಂದು ಕೇಳಿದೆ. ಮಾರುಕಟ್ಟೆಯವರು ಅವರಿಗೆ 'ಕೊಳೆತ ಹಸನ' ಎಂದು ಹೆಸರಿಟ್ಟದ್ದನ್ನೂ ಕೇಳಿದೆ. ಸಹೋದ್ಯೋಗಿ ನನ್ನ ಬೆನ್ನು ತಟ್ಟಿ, ನಿನ್ನ ಬಗ್ಗೆ ತಪ್ಪು ತಿಳಿದಿದ್ದೆ ಎಂದ. ಆ ಬೆನ್ನು ತಟ್ಟುವಿಕೆಗಾಗಿಯೇ ನಾನು ಅಷ್ಟೆಲ್ಲ ಮಾಡಿದ್ದು. ಅದು ಸಿಕ್ಕಿದಾಗ ಅಲ್ಲಿ ನಿಲ್ಲಲಾಗದೆ ಹೊರಗೆ ಹೋದೆ.

ಆಮೇಲೆ ಕೆಲಸದ ರೀತಿ ಬದಲಾಗುತ್ತ ಬಂತು. ಉಷ್ಣತೆ ಅಳೆಯುವ ಯಂತ್ರ ಬಂತು, ಪ್ರಯೋಗಾಲಯ ಬಂತು, ಕಾನೂನು ಬಿಗಿಯಾಯಿತು. ಪ್ರತಿ ಪೆಟ್ಟಿಗೆಯನ್ನು ಕೊಯ್ದಾಗಲೂ ಫೋಟೋ ತೆಗೆಯಬೇಕೆಂಬ ನಿಯಮ ಬಂದಾಗ ಹಿರಿಯರೆಲ್ಲ ಗೊಣಗಿದರು, ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂದು. ನಾನು ಗೊಣಗಲಿಲ್ಲ. ನನ್ನ ಕೈಕೆಳಗೆ ಬಂದವರಿಗೆ ಹತ್ತು ಕೊಯ್ಯಿರಿ, ಸಾಧ್ಯವಾದರೆ ಹನ್ನೆರಡು ಕೊಯ್ಯಿರಿ ಎಂದು ತಲೆ ತಿನ್ನುತ್ತಿದ್ದೆ. ಒಳ್ಳೆಯ ಅಧಿಕಾರಿ ಎಂದು ಹೆಸರು ಬಂತು. ಡಾಕ್ಟರ್ ಇದ್ರಿಸ್ ನಿವೃತ್ತರಾಗಿ ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಅವರ ಹತ್ತಿರ ನಿಜ ಹೇಳುವ ಅವಕಾಶವೂ ಅಲ್ಲಿಗೆ ಮುಗಿಯಿತು.

ರಶ್ಮಿ ಬಂದುಹೋದ ಮರುವಾರ ನಾನು ಬಸ್ಸು ಹತ್ತಿ ಅಲ್ ಐನ್‌ಗೆ ಹೋದೆ. ವಿಳಾಸ ಸಿಗುವುದು ಕಷ್ಟವಾಗಲಿಲ್ಲ. ನಮ್ಮ ಕಡೆಯವರಲ್ಲಿ ಇಬ್ಬರನ್ನು ಕೇಳಿದರೆ ಮೂರನೆಯವರಿಗೆ ಗೊತ್ತಿರುತ್ತದೆ. ಹಸನಾಕನಿಗೆ ಈಗ ಎಪ್ಪತ್ತನಾಲ್ಕು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳ ಮನೆಯಲ್ಲಿದ್ದಾರೆ. ಬಾಗಿಲು ತೆರೆದವರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ಬಾ, ಒಳಗೆ ಬಾ. ಬಿಸಿಲಿಗೆ ಯಾಕೆ ನಿಂತದ್ದು" ಎಂದರು. ನಿನ್ನೆ ಮೊನ್ನೆ ಬಿಟ್ಟುಹೋದವನನ್ನು ಕರೆದ ಹಾಗೆ. ಹಾಲಿಲ್ಲದ ಸುಲೈಮಾನಿ ಚಹಾ ಬಂತು. ಮೊಮ್ಮಗಳು ಇಂಗ್ಲಿಷಿನಲ್ಲಿ ಹಲೋ ಹೇಳಿ ಒಳಗೆ ಹೋದಳು.

ನಾನು ಕೇಳಿಯೇಬಿಟ್ಟೆ. "ಹಸನಾಕ, ಆವತ್ತು ಯಾಕೆ ಹತ್ತು ಅಂತ ಹೇಳಿದ್ದು?"

ಅವರು ಲೋಟ ಕೆಳಗಿಟ್ಟರು. "ಮತ್ತೆಂತ ಹೇಳುವುದು? ನೀನು ಕೊಟ್ಟ ಕಾಗದದಲ್ಲಿ ಹತ್ತು ಅಂತ ಇತ್ತು. ನಾನು ಎರಡು ಅಂದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ನಿನ್ನ ಹೆಂಡತಿ ಆಗ ಬಂದು ಒಂದು ತಿಂಗಳು ಸಹ ಆಗಿರಲಿಲ್ಲ. ನನ್ನ ಬಾಯಿಯಿಂದ ಅದು ಬರುವುದು ಬೇಡ ಅಂತ ಕಂಡಿತು."

"ನಿಮ್ಮ ಅಂಗಡಿ ಹೋಯ್ತಲ್ಲ."

"ಹೋಗ್ತದೆ ಅಂತ ನಾನು ಗ್ರಹಿಸಲಿಲ್ಲ." ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. "ನಾನು ಹತ್ತು ಅಂದ ಮೇಲೆ ನೀನು ಅಲ್ಲ ಅಂತ ಹೇಳ್ತಿ ಅಂತ ಇದ್ದೆ. ನಾನು ನಿನ್ನ ಮೇಲೆ ದೂರು ಹೇಳಿದ್ದಲ್ಲ, ನೀನೇ ಸ್ವತಃ ಒಪ್ಪಿಕೊಂಡದ್ದು ಅಂತಾದ್ರೆ ಆ ಡಾಕ್ಟರು ನಿನ್ನನ್ನು ಬಿಡ್ತಿದ್ರು. ಒಳ್ಳೆ ಮನುಷ್ಯ ಅವರು. ಅವರು ನಿನ್ನ ಹತ್ತಿರ ಎಂತದಾದ್ರೂ ಹೇಳ್ಳಿಕ್ಕೆ ಉಂಟಾ ಅಂತ ಕೇಳಿದ್ರಲ್ಲ, ಆಗ ನಾನು ಕಾದು ಕೂತಿದ್ದೆ ಮಾರಾಯ."

ನನಗೆ ಅಳು ಬಂತು. ಅರವತ್ತೆರಡು ವರ್ಷದ ಗಂಡಸು, ಇನ್ನೊಬ್ಬರ ಮನೆಯ ಹಾಲ್‌ನಲ್ಲಿ ಕೂತು ಅತ್ತೆ. ಅವರು ನನ್ನನ್ನು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಚಹಾ ತಣ್ಣಗಾಗುತ್ತದೆ ಎಂದರು.

"ಈಗಾದರೂ ಕಚೇರಿಗೆ ಬರೆದು ಕೊಡ್ತೇನೆ" ಎಂದೆ.

"ಯಾರಿಗೆ ಕೊಡ್ತಿ? ಅಲ್ಲಿ ಆ ಕಾಲದವರು ಯಾರುಂಟು?"

"ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳಿಗೆ ಅಂತ ಏನಾದರೂ ಬರೆಯಬೇಕು ಅಂತಿದ್ದೇನೆ. ಅದರಲ್ಲಿ ಬರೀತೇನೆ. ನೀವು ಒಪ್ಪಿದರೆ."

ಅವರು ಕಿಟಕಿಯ ಕಡೆ ನೋಡುತ್ತ ಕುಳಿತರು. "ಅಂಗಡಿ ಹೋದದ್ದು ನನಗೆ ಮರೆತುಹೋಯ್ತು. ಕೆಲಸ ಸಿಕ್ಕಿತು, ಮಕ್ಕಳು ಓದಿದರು. ಆದ್ರೆ ಊರಿಗೆ ಹೋದಾಗ ಮದುವೆ ಊಟದಲ್ಲಿ ಹಣ್ಣು ಬಂತಂದ್ರೆ ಈಗಲೂ ಯಾರಾದ್ರೂ ಒಬ್ಬ ನಗಾಡ್ತಾನೆ, ಇದು ಹಸನ ತಂದದ್ದಲ್ಲ ಅಲ್ವಾ ಅಂತ. ನನ್ನ ಅಳಿಯನ ಎದುರು ಸಹ ಹೇಳಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿದರು. "ಬರಿ. ನಿನ್ನ ದುಃಖದ್ದೆಲ್ಲ ಉದ್ದ ಬರೆಯುವುದು ಬೇಡ. ನನ್ನ ಹಣ್ಣಿನದ್ದು ಬರಿ."

ಉದ್ದವಾಗಿಯೇ ಬರೆದೆ, ಅವರು ಕ್ಷಮಿಸಬೇಕು. ಅವರು ಕೇಳಿದ್ದು ಇಷ್ಟು: ಹಸನಾಕ ಅವರ ಆ ಮಾವು ಕೊಳೆತಿರಲಿಲ್ಲ.